ಮನಸ್ಸನ್ನು ತೋರಿದವರ ಋಣ

ಭೂಗರ್ಭಶಾಸ್ತ್ರಜ್ಞನು ಕಲ್ಲನ್ನು ಒಡೆದು ನೋಡುವಾಗ ಕಲ್ಲಿನ ಅಪ್ಪಣೆಯನ್ನು ಬೇಡುವುದಿಲ್ಲ. ಬೇಡಬೇಕಾದ ಕಾರಣವೂ ಇಲ್ಲ. ನಕ್ಷತ್ರಗಳನ್ನು ಅಳೆಯುವ ಜ್ಯೋತಿರ್ವಿದನಿಗೆ ನಕ್ಷತ್ರವು ಮುನಿದೀತೆಂಬ ಭಯವಿಲ್ಲ. ಆದರೆ ಮನಶ್ಶಾಸ್ತ್ರಜ್ಞನ ಸ್ಥಿತಿಯು ಇವರಿಬ್ಬರ ಸ್ಥಿತಿಯಂತಲ್ಲ. ಅವನು ತಿಳಿಯಬಯಸುವ ವಸ್ತುವು ಮತ್ತೊಬ್ಬ ಮನುಷ್ಯನ ಒಳಗಿದೆ. ಆ ಮನುಷ್ಯನು ತನ್ನನ್ನು ಒಬ್ಬನು ನೋಡುತ್ತಿರುವನೆಂಬುದನ್ನು ಬಲ್ಲನು. ನಾಚಬಲ್ಲನು, ನೋಯಬಲ್ಲನು, ಮೋಸಹೋಗಬಲ್ಲನು, ಮೋಸಹೋದುದನ್ನು ಬಹುಕಾಲ ನೆನೆಯಬಲ್ಲನು. ಹೀಗಿರುವಲ್ಲಿ, ಒಬ್ಬನ ಮನಸ್ಸನ್ನು ಪರೀಕ್ಷಿಸುವ ಅಧಿಕಾರವು ಇನ್ನೊಬ್ಬನಿಗೆ ಎಲ್ಲಿಂದ ಬಂದಿತು? ಅದರಿಂದ ಹುಟ್ಟುವ ಜ್ಞಾನವು ಲೋಕಕ್ಕೆ ಹಿತವಾದುದೆಂಬ ಒಂದೇ ಕಾರಣವು ಸಾಕೆ? ಈ ಪ್ರಶ್ನೆಯು ಪಂಡಿತರ ಪರಿಷತ್ತಿಗೆ ಮಾತ್ರ ಸೇರಿದುದಲ್ಲ. ಮಕ್ಕಳನ್ನು ಓದಿಸುವವರು, ರೋಗಿಗಳನ್ನು ಸಲಹುವವರು, ಊರಿನ ಯಜಮಾನಿಕೆಯನ್ನು ಹೊತ್ತವರು ಎಲ್ಲರೂ ಒಂದಿಲ್ಲೊಂದು ದಿನ ಎದುರಿಸಬೇಕಾದ ಪ್ರಶ್ನೆ.

ಕನ್ನಡನಾಡಿಗೆ ಈ ಶಾಸ್ತ್ರವು ಹೊಸದಲ್ಲ. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವು ಪ್ರಾರಂಭವಾಯಿತು. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಯಿಸಿದರು. ಮುಂದೆ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯೆಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಡಾ. ವಿ. ವಿ. ಕಾಮತರು ಬೀನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಪ್ಪುವಂತೆ ತಿದ್ದಿದರು. ‘ಬೀನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ದೇಶದಲ್ಲೆಲ್ಲಾ ಪ್ರಸಿದ್ಧವಾಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಗೊಂಡಿತು. ಇಂದು ನಿಮ್ಹಾನ್ಸ್ ಎಂದು ಜಗತ್ತೆಲ್ಲ ಬಲ್ಲ ಸಂಸ್ಥೆಗೆ ಅದೇ ಮೂಲ. ಈ ಪಂಡಿತರ ಮತ್ತು ಸಂಸ್ಥೆಗಳ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ, ಉಳಿಯತಕ್ಕವೇ ಸರಿ. ಆದರೆ ಕಾಮತರ ಪ್ರಶ್ನೆಗಳಿಗೆ ಉತ್ತರವಿತ್ತ ಮಕ್ಕಳ ಹೆಸರುಗಳು ಎಲ್ಲಿ ಉಳಿದಿವೆ? ಬೆಂಗಳೂರಿನ ವಾರ್ಡುಗಳಲ್ಲಿ ತಮ್ಮ ದುಃಖವನ್ನು ಬಿಚ್ಚಿ ಹೇಳಿ ವೈದ್ಯರ ಜ್ಞಾನವನ್ನು ಬೆಳೆಯಿಸಿದ ರೋಗಿಗಳನ್ನು ಯಾರು ಬಲ್ಲರು? ಅವರು ತೋರಿದ ಮನಸ್ಸಿನ ಮೇಲೆಯೇ ಶಾಸ್ತ್ರದ ಮಂದಿರವು ನಿಂತಿದೆ. ಅಡಿಪಾಯದ ಕಲ್ಲು ಕಾಣದು. ಕಾಣದೆಂಬ ಕಾರಣದಿಂದ ಅದು ಹೊತ್ತ ಭಾರವು ಕಡಿಮೆಯಾಗದು.

ಇಂಗ್ಲಿಷಿನಲ್ಲಿ ಪ್ರಯೋಗಕ್ಕೆ ಒಳಗಾಗುವವನನ್ನು ಬಹುಕಾಲ ‘ಸಬ್ಜೆಕ್ಟ್’ ಎಂದು ಕರೆಯುತ್ತಿದ್ದರು. ಆ ಶಬ್ದಕ್ಕೆ ವಿಷಯವೆಂಬ ಅರ್ಥವೂ ಉಂಟು, ಅರಸನಿಗೆ ಅಧೀನನಾದ ಪ್ರಜೆಯೆಂಬ ಅರ್ಥವೂ ಉಂಟು. ಈಚಿನ ದಶಕಗಳಲ್ಲಿ ಅದನ್ನು ಬಿಟ್ಟು ‘ಪಾರ್ಟಿಸಿಪೆಂಟ್’, ಎಂದರೆ ಪಾಲುಗೊಳ್ಳುವವನು, ಭಾಗಿ ಎಂಬ ಶಬ್ದವನ್ನು ಬಳಸುತ್ತಿದ್ದಾರೆ. ಶಬ್ದವು ಬದಲಾದುದು ಶುಭಲಕ್ಷಣವೇ. ಆದರೆ ಹೆಸರನ್ನು ಬದಲಿಸಿದ ಮಾತ್ರಕ್ಕೆ ನಡತೆಯು ಬದಲಾಗುವುದಿಲ್ಲ. ಸಂಶೋಧಕನು ಕಾರಿನಿಂದಿಳಿದು ಬರುವನು. ಅವನ ಕೈಯಲ್ಲಿ ಕಾಗದಗಳಿರುತ್ತವೆ, ಬೆನ್ನ ಹಿಂದೆ ದೊಡ್ಡ ಸಂಸ್ಥೆಯ ಹೆಸರಿರುತ್ತದೆ. ನೋಡುವವರಿಗೆ ಕೊಡುವವನು ಅವನೆಂದೂ, ಪಡೆಯುವವನು ಬಡ ಗ್ರಾಮಸ್ಥನೆಂದೂ ತೋರುತ್ತದೆ. ನಿಜಸ್ಥಿತಿಯು ಇದಕ್ಕೆ ಸಂಪೂರ್ಣ ವಿಪರೀತವಾದುದು. ಕೊಡುತ್ತಿರುವವನು ಗ್ರಾಮಸ್ಥನು, ಕೈಯೊಡ್ಡಿ ನಿಂತವನು ಸಂಶೋಧಕನು. ಈ ಒಂದು ಅಂಶವು ಮನಸ್ಸಿನಲ್ಲಿ ನೆಲೆಗೊಂಡರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಸ್ಪಷ್ಟವಾಗುತ್ತವೆ.

ಪಂಜ ಸೀಮೆಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸುಳ್ಯ, ಪುತ್ತೂರು, ಕಡಬಗಳ ನಡುವಿನ ಈ ನಾಡಿನಲ್ಲಿ ಒಬ್ಬರ ಮನೆಮಾತು ತುಳು, ನೆರೆಯವರದು ಅರೆಭಾಷೆ, ಆಚೆಯ ತೋಟದವರದು ಹವ್ಯಕ ಕನ್ನಡ, ಮತ್ತೊಬ್ಬರದು ಮಲಯಾಳ ಅಥವಾ ಕೊಂಕಣಿ. ರಬ್ಬರು ತೋಟಗಳಲ್ಲಿ ದುಡಿಯುವ, ಸಿಂಹಳದಿಂದ 1964ರ ಒಪ್ಪಂದದ ಪ್ರಕಾರ ಮರಳಿ ಬಂದವರ ಮನೆಗಳಲ್ಲಿ ತಮಿಳು. ಸುಳ್ಯದಲ್ಲಿಯೇ ಇಂದು ವೈದ್ಯಕೀಯ ಮಹಾವಿದ್ಯಾಲಯವಿದೆ. ಮಂಗಳೂರಿನ ಸುತ್ತ ಹಲವಿವೆ. ಚಿಂತೆ, ಖಿನ್ನತೆ, ಮದ್ಯಪಾನ, ಮುಪ್ಪಿನ ಮರೆವು ಇವುಗಳನ್ನು ಕುರಿತು ಪ್ರಶ್ನಾವಳಿಗಳನ್ನು ಹಿಡಿದು ಹಳ್ಳಿಗಳಿಗೆ ಹೋಗುವುದು ಇಂತಹ ವಿದ್ಯಾಲಯಗಳ ಅಧ್ಯಯನದ ಒಂದು ಸಾಮಾನ್ಯ ಕ್ರಮ. ಅಡಿಕೆ ಸುಲಿಯುತ್ತ ಕುಳಿತ ಒಬ್ಬ ತಾಯಿಯ ಬಳಿಗೆ ಹೀಗೊಬ್ಬ ವಿದ್ಯಾರ್ಥಿಯು ಅಂಗನವಾಡಿಯ ಕಾರ್ಯಕರ್ತೆಯೊಡನೆ ಬರುವನೆಂದು ಇಟ್ಟುಕೊಳ್ಳಬೇಕು. ಅವನು ಗ್ರಾಂಥಿಕ ಕನ್ನಡದಲ್ಲಿ ಅಚ್ಚಾದ ಸಮ್ಮತಿಪತ್ರವನ್ನು ಓದುತ್ತಾನೆ. ಆಕೆ ‘ಆವು’ ಎನ್ನುತ್ತಾಳೆ, ಹೆಬ್ಬೆಟ್ಟನ್ನೊತ್ತುತ್ತಾಳೆ. ತುಳುವಿನ ಈ ‘ಆವು’ ಎಂಬುದಕ್ಕೆ ‘ಆಗಲಿ’ ಎಂದರ್ಥ. ಮನೆಗೆ ಬಂದವರನ್ನು ಎದುರು ನಿಲ್ಲಿಸಿ ‘ಆಗದು’ ಎನ್ನುವುದು ಈ ನಾಡಿನ ಮರ್ಯಾದೆಯಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಸೌಜನ್ಯದಿಂದಲೇ ಆ ‘ಆವು’ ಹೊರಟಿರಬಹುದು. ಆ ಸೌಜನ್ಯವನ್ನು ಸಮ್ಮತಿಯೆಂದು ಬರೆದುಕೊಂಡು ಹೋಗುವುದು ನ್ಯಾಯವೆ?

ಇದಕ್ಕೆ ಉತ್ತರವನ್ನು ಹುಡುಕಲು ಪಶ್ಚಿಮಕ್ಕೇ ಹೋಗಬೇಕೆಂದಿಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, 1909ರಲ್ಲಿ ಆರ್. ಶಾಮಾಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಧರ್ಮಸ್ಥೀಯ’ವೆಂಬ ಮೂರನೆಯ ಅಧಿಕರಣವುಂಟು. ಯಾವ ವ್ಯವಹಾರವು ಸಿದ್ಧಿಸುತ್ತದೆ, ಯಾವುದು ಸಿದ್ಧಿಸದು ಎಂಬುದನ್ನು ಅದರ ಆರಂಭದಲ್ಲಿಯೇ ವಿವರಿಸಲಾಗಿದೆ. ಮರೆಯಲ್ಲಿ, ರಹಸ್ಯದಲ್ಲಿ, ಕಪಟದಿಂದ ನಡೆದ ವ್ಯವಹಾರವು ಸಲ್ಲದೆಂದು ಅಲ್ಲಿ ಹೇಳಿದೆ. ಕೋಪದಲ್ಲಿರುವವನು, ಆರ್ತನಾದವನು, ಮತ್ತನು, ಉನ್ಮತ್ತನು, ಪರವಶನಾದವನು ಮಾಡಿದ ಒಪ್ಪಂದವೂ ಸಿದ್ಧಿಸದು; ಪರಾಶ್ರಯದಲ್ಲಿರುವವನು ತನ್ನಷ್ಟಕ್ಕೆ ಮಾಡಿದುದಕ್ಕೂ ಮಿತಿಯುಂಟು. ಎರಡು ಎತ್ತುಗಳ ವಿಕ್ರಯಕ್ಕೆ ಇಷ್ಟು ಎಚ್ಚರಿಕೆಯನ್ನು ನಮ್ಮ ಪೂರ್ವಿಕರು ಬೇಡಿದ್ದರೆ, ಮನಸ್ಸಿನೊಳಗಣ ವೃತ್ತಾಂತವನ್ನು ಕೊಡುವಲ್ಲಿ ಅದಕ್ಕಿಂತ ಕಡಿಮೆಯ ಎಚ್ಚರಿಕೆಯು ಸಾಕಾಗುವುದೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೌರ್ಯಗಳ ವಿಚಾರಣೆಯಾದ ಮೇಲೆ, 1947ರ ನ್ಯೂರೆಂಬರ್ಗ್ ಸಂಹಿತೆಯು ಮೊದಲ ಸೂತ್ರವಾಗಿ ಸಾರಿದುದೂ ಇದನ್ನೇ: ಮನುಷ್ಯನು ಸ್ವಇಚ್ಛೆಯಿಂದ ಕೊಡುವ ಸಮ್ಮತಿಯು ಅತ್ಯಾವಶ್ಯಕ.

ಸಮ್ಮತಿಯು ಸಿದ್ಧಿಸಬೇಕಾದರೆ ಮೂರು ಅಂಗಗಳು ಬೇಕು. ಕೇಳುತ್ತಿರುವುದೇನೆಂಬುದು ಕೊಡುವವನಿಗೆ ತನ್ನ ಮಾತಿನಲ್ಲಿ ತಿಳಿಯಬೇಕು, ‘ಇಲ್ಲ’ವೆಂದರೆ ತನಗೆ ಯಾವ ಹಾನಿಯೂ ಆಗದೆಂಬ ನಂಬಿಕೆಯಿರಬೇಕು, ಒಮ್ಮೆ ‘ಹೌದು’ ಎಂದ ಮೇಲೂ ನಡುವೆ ಎದ್ದುಹೋಗುವ ಸ್ವಾತಂತ್ರ್ಯವಿರಬೇಕು. ಇವುಗಳಲ್ಲಿ ಎರಡನೆಯದೇ ಕಠಿನವಾದುದು. ತಿಳಿಸಿಹೇಳುವುದಕ್ಕೆ ತುಳು ಬಲ್ಲ ಒಬ್ಬರನ್ನು ಕರೆತರಬಹುದು. ಓದುಬರಹವಿಲ್ಲದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ವಿಧಿಸಿವೆ. ಆದರೆ ಜೊತೆಯಲ್ಲಿ ಬಂದ ಅಂಗನವಾಡಿಯ ಕಾರ್ಯಕರ್ತೆಯು ನಾಳೆ ಮಗುವಿಗೆ ಪೌಷ್ಟಿಕ ಆಹಾರವನ್ನು ಕೊಡುವವಳು. ಪ್ರಶ್ನೆ ಕೇಳುವವನು ನಾಳೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು. ಅವರ ಮುಂದೆ ‘ಇಲ್ಲ’ವೆಂಬ ಮಾತು ನಾಲಗೆಗೆ ಬಾರದು. ಆದುದರಿಂದ ನಿರಾಕರಿಸುವ ದಾರಿಯನ್ನು ಸುಗಮಮಾಡಿಕೊಡುವುದು ಸಂಶೋಧಕನ ಮೊದಲನೆಯ ಕರ್ತವ್ಯ. ‘ಇಲ್ಲ’ವೆನ್ನಲು ಸಾಧ್ಯವಿಲ್ಲದ ಸ್ಥಳದಲ್ಲಿ ‘ಹೌದು’ ಎಂಬುದಕ್ಕೆ ಬೆಲೆಯಿಲ್ಲ.

ಇಲ್ಲಿ ಪೂರ್ವಪಕ್ಷಿಯು ಒಂದು ಬಲವಾದ ಆಕ್ಷೇಪವನ್ನು ಎತ್ತುತ್ತಾನೆ. ಎಲ್ಲವನ್ನೂ ಮೊದಲೇ ತಿಳಿಸಿದರೆ ಮನಸ್ಸು ಸಹಜವಾಗಿ ವರ್ತಿಸದು. ಪ್ರಾಮಾಣಿಕತೆಯ ಪರೀಕ್ಷೆಯೆಂದು ತಿಳಿದ ಮೇಲೆ ಯಾರು ತಾನೇ ಸುಳ್ಳಾಡುವರು? ಆದುದರಿಂದ ಸ್ವಲ್ಪ ವಂಚನೆಯಿಲ್ಲದೆ ಸತ್ಯವು ದೊರೆಯದು ಎಂಬುದು ಅವನ ವಾದ. ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬವರು ಪ್ರಾರಂಭಿಸಿದ ಪ್ರಯೋಗ. ಜ್ಞಾಪಕಶಕ್ತಿಯ ಅಧ್ಯಯನವೆಂದು ಪತ್ರಿಕೆಯಲ್ಲಿ ಪ್ರಕಟಿಸಿ, ನಾಲ್ಕು ಡಾಲರುಗಳನ್ನೂ ಬಂದುಹೋಗುವ ವೆಚ್ಚವನ್ನೂ ಕೊಟ್ಟು ಜನರನ್ನು ಕರೆಸಲಾಯಿತು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಹೇಳಿದಾಗಲೆಲ್ಲ ಅವನಿಗೆ ಹೆಚ್ಚು ಹೆಚ್ಚಾಗಿ ವಿದ್ಯುದಾಘಾತವನ್ನು ಕೊಡಬೇಕೆಂದು ಅವರಿಗೆ ಆಜ್ಞೆಯಾಯಿತು. ವಾಸ್ತವವಾಗಿ ಆಘಾತವೇ ಇರಲಿಲ್ಲ, ಆಚೆಯವನು ನಟನು. 1963ರಲ್ಲಿ ಪ್ರಕಟವಾದ ವರದಿಯಂತೆ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟಿನ ವರೆಗೂ ಹೋದರು. ಬೆವರುತ್ತ, ನಡುಗುತ್ತ, ತುಟಿ ಕಚ್ಚುತ್ತ ಅವರು ಆಜ್ಞೆಯನ್ನು ಪಾಲಿಸಿದರು. ಅಧಿಕಾರದ ಮಾತಿಗೆ ಸಾಧಾರಣ ಮನುಷ್ಯನು ಎಷ್ಟು ದೂರ ಬಾಗುವನೆಂಬ ಭೀಕರ ಸತ್ಯವು ಇದರಿಂದ ಲೋಕಕ್ಕೆ ತಿಳಿಯಿತು.

ತಿಳಿದುದು ಮಹತ್ತರವಾದುದೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಮಿಲ್‌ಗ್ರಾಮರು ಅವರನ್ನು ವಿಚಾರಿಸಿದಾಗ ನೂರಕ್ಕೆ 84ರಷ್ಟು ಮಂದಿ ತಾವು ಪ್ರಯೋಗದಲ್ಲಿ ಭಾಗವಹಿಸಿದುದಕ್ಕೆ ಸಂತೋಷಪಡುವುದಾಗಿ ಉತ್ತರವಿತ್ತರು. ವಿಷಾದವನ್ನು ತಿಳಿಸಿದವರು ಅತ್ಯಲ್ಪ. ಹಾಗಿದ್ದರೆ ದೋಷವೆಲ್ಲಿ? 1964ರಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ವಿದುಷಿಯು ಇದನ್ನು ತೀವ್ರವಾಗಿ ಆಕ್ಷೇಪಿಸಿದರು: ಸಂಶೋಧಕನನ್ನು ನಂಬಿ ಬಂದವರ ನಂಬಿಕೆಗೂ ಆತ್ಮಗೌರವಕ್ಕೂ ಅಲ್ಲಿ ಹಾನಿಯಾಗಿದೆ ಎಂದು. ಈ ಆಕ್ಷೇಪವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು. ಒಬ್ಬನ ಹಣವನ್ನು ಅವನಿಗೆ ತಿಳಿಯದಂತೆ ತೆಗೆದು ಕೆರೆಯನ್ನು ಕಟ್ಟಿಸಿ, ಅನಂತರ ಅವನನ್ನು ಕರೆದು ‘ಕೆರೆಯು ಚೆನ್ನಾಗಿದೆಯೆ?’ ಎಂದು ಕೇಳಿದರೆ ಅವನು ಚೆನ್ನಾಗಿದೆಯೆಂದೇ ಹೇಳಿಯಾನು. ಅಷ್ಟರಿಂದ ಮೊದಲು ನಡೆದುದು ದಾನವಾಗದು. ಅನಂತರದ ಸಂತೋಷವು ಕ್ಷಮೆಯಾಗಬಹುದು, ಸಮ್ಮತಿಯಾಗಲಾರದು. ಅಲ್ಲದೆ ‘ನಾನು ಒಬ್ಬನನ್ನು ಕೊಲ್ಲುವ ವರೆಗೂ ಆಜ್ಞೆಯನ್ನು ಪಾಲಿಸುವವನು’ ಎಂಬ ಆತ್ಮಜ್ಞಾನವನ್ನು ಆ 26 ಮಂದಿ ಬೇಡಿರಲಿಲ್ಲ. ಬೇಡದವರ ತಲೆಯ ಮೇಲೆ ಅದನ್ನು ಹೊರಿಸಲಾಯಿತು. ತನ್ನನ್ನು ತಾನು ಅರಿಯುವುದು ಶ್ರೇಯಸ್ಕರವಾದುದು ನಿಜ. ಆದರೆ ಅದನ್ನು ಬಲೆಯೊಡ್ಡಿ ಕಲಿಸುವ ಅಧಿಕಾರವು ಗುರುವಿಗೂ ಇಲ್ಲ.

ಶರಣರು ಕಾಯಕಕ್ಕೆ ಹಾಕಿದ ನಿಬಂಧನೆಯು ಈ ಸಂದರ್ಭದಲ್ಲಿ ವಿಚಾರಯೋಗ್ಯವಾದುದು. ಕಾಯಕವು ಸತ್ಯಶುದ್ಧವಾಗಿರಬೇಕು, ಅಶುದ್ಧವಾದ ಕಾಯಕದಿಂದ ಬಂದ ದ್ರವ್ಯವು ಎಷ್ಟೇ ಇದ್ದರೂ ದಾಸೋಹಕ್ಕೆ ಸಲ್ಲದು ಎಂಬುದು ಅವರ ನಿಶ್ಚಯ. ಸಾಧ್ಯದ ಹಿರಿಮೆಯಿಂದ ಸಾಧನದ ಮೈಲಿಗೆಯು ತೊಳೆಯದು. ಸಂಶೋಧನೆಯೂ ಒಂದು ಕಾಯಕವೇ. ಅದರ ಫಲವಾದ ಜ್ಞಾನವು ಲೋಕಕ್ಕೆ ನೀಡುವ ದಾಸೋಹವೇ. ಅಂದಮೇಲೆ ಅದಕ್ಕೂ ಇದೇ ನಿಬಂಧನೆಯು ಅನ್ವಯಿಸತಕ್ಕದ್ದು. ಆಯ್ದಕ್ಕಿ ಲಕ್ಕಮ್ಮನ ಕಥೆಯು ಸರ್ವವಿದಿತ. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿಬರುವಂತೆ ಆಕೆ ತಿದ್ದಿದಳು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ತರುವುದರಲ್ಲಿ ಕಳವಿಲ್ಲ. ಆದರೆ ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಡುವ ಆಸೆಯೇ ದೋಷ. ‘ಮುಂದೆ ಯಾವುದಕ್ಕಾದರೂ ಉಪಯೋಗವಾದೀತು’ ಎಂದು ಜನರ ಮನೆಯ ಗುಟ್ಟನ್ನೆಲ್ಲ ಕೇಳಿ ಬರೆದುಕೊಳ್ಳುವ ಪ್ರಶ್ನಾವಳಿಗಳು ಈ ಕಥೆಯ ಮುಂದೆ ತಲೆತಗ್ಗಿಸಬೇಕು.

ವಂಚನೆಯಿಲ್ಲದೆ ಅಸಾಧ್ಯವೆನಿಸುವ ಕೆಲವು ಅಧ್ಯಯನಗಳು ಉಳಿದೇ ಉಳಿಯುತ್ತವೆ ಎಂಬುದನ್ನೂ ಒಪ್ಪಬೇಕು. ಅವುಗಳಿಗಾಗಿ ಇಂದಿನ ನಿಯಮಗಳು ಒಂದು ಇಕ್ಕಟ್ಟಾದ ಬಾಗಿಲನ್ನು ತೆರೆದಿಟ್ಟಿವೆ. ಬೇರೆ ದಾರಿಯಿಲ್ಲವೆಂಬುದನ್ನು ಸಂಶೋಧಕನಲ್ಲದ ಒಂದು ನೀತಿಸಮಿತಿಯು ಪರಿಶೀಲಿಸಿ ಒಪ್ಪಬೇಕು. ಭಾಗಿಗೆ ತೊಂದರೆಯಾಗುವಂತಹ ಅಂಶವನ್ನು ಮುಚ್ಚಿಡಕೂಡದು. ಪ್ರಯೋಗವು ಮುಗಿದೊಡನೆ ನಿಜವನ್ನು ಹೇಳಿ, ‘ನಿನ್ನ ಉತ್ತರಗಳನ್ನು ಹಿಂದಕ್ಕೆ ಪಡೆಯಬೇಕೆಂದಿದ್ದರೆ ಪಡೆ’ ಎನ್ನಬೇಕು. ತಾನೇ ವಾದಿಯೂ ತಾನೇ ನ್ಯಾಯಾಧೀಶನೂ ಆಗಬಾರದೆಂಬುದು ಇದರ ಸಾರ.

ಸ್ವಂತ ಬುದ್ಧಿಯಿಂದ ಸಮ್ಮತಿಯನ್ನು ಕೊಡಬಲ್ಲವರ ಮಾತು ಇಷ್ಟಾಯಿತು. ಮಕ್ಕಳ ಗತಿಯೇನು? 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸರ ಮಾರ್ಗದರ್ಶನದಲ್ಲಿ ಡೇವನ್‌ಪೋರ್ಟಿನ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗವು ನಡೆಯಿತು. ಸರಿಯಾಗಿಯೇ ಮಾತನಾಡುತ್ತಿದ್ದ ಆರು ಮಕ್ಕಳಿಗೆ ‘ನೀವು ತೊದಲುತ್ತಿದ್ದೀರಿ’ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಮಾತಿನ ಮೇಲೆ ಸತತವಾದ ಆಕ್ಷೇಪಣೆಯಿಂದಲೇ ತೊದಲು ಹುಟ್ಟುವುದೆಂಬ ಊಹೆಯನ್ನು ಪರೀಕ್ಷಿಸುವುದು ಅದರ ಉದ್ದೇಶ. ಆ ಮಕ್ಕಳು ಮಾತನಾಡಲು ಅಂಜತೊಡಗಿದರು. ಕೆಲವರಲ್ಲಿ ಆ ಅಂಜಿಕೆಯು ಜೀವಮಾನವಿಡೀ ಉಳಿಯಿತು. ವರದಿಯು ದಶಕಗಳ ಕಾಲ ಗ್ರಂಥಾಲಯದಲ್ಲಿ ಧೂಳು ತಿಂದು, 2001ರಲ್ಲಿ ವೃತ್ತಪತ್ರಿಕೆಯ ಮೂಲಕ ಬೆಳಕಿಗೆ ಬಂದಿತು. ವಿಶ್ವವಿದ್ಯಾಲಯವು ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯವು 9 ಲಕ್ಷ 25 ಸಾವಿರ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ಜಾನ್ಸನ್ನರು ದುಷ್ಟರಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ. ಅವರು ಸ್ವತಃ ತೊದಲಿನಿಂದ ಬಳಲಿದವರು. ಅದಕ್ಕೆ ಮದ್ದನ್ನು ಕಾಣುವ ಹಂಬಲವುಳ್ಳವರು. ಸದುದ್ದೇಶವೊಂದೇ ಮನುಷ್ಯನನ್ನು ಕಾಯಲಾರದು.

ಆ ಪ್ರಯೋಗಕ್ಕೆ ಅನಾಥಾಲಯವೇ ಏಕೆ ಬೇಕಾಯಿತೆಂಬುದನ್ನು ವಿಚಾರಿಸಬೇಕು. ಅಲ್ಲಿನ ಮಕ್ಕಳ ಪರವಾಗಿ ಬಾಗಿಲಲ್ಲಿ ನಿಂತು ಪ್ರಶ್ನಿಸುವ ತಂದೆತಾಯಿಗಳಿರಲಿಲ್ಲ. ಕನ್ನಡನಾಡಿನಲ್ಲಿ ಮಠಗಳ ಪ್ರಸಾದನಿಲಯಗಳೂ, ಸರಕಾರದ ಆಶ್ರಮಶಾಲೆಗಳೂ, ಧರ್ಮಾರ್ಥವಾದ ವಿದ್ಯಾರ್ಥಿನಿಲಯಗಳೂ ಬಹುಸಂಖ್ಯೆಯಲ್ಲಿವೆ. ಒಂದೇ ಸೂರಿನಡಿಯಲ್ಲಿ ನೂರಾರು ಮಕ್ಕಳು ದೊರೆಯುವ ಸ್ಥಳವು ಸಂಶೋಧಕನಿಗೆ ಅನುಕೂಲವಾದುದು. ಅವನು ಮುಖ್ಯೋಪಾಧ್ಯಾಯರ ಅಥವಾ ನಿಲಯಪಾಲಕರ ಒಂದು ಸಹಿಯನ್ನು ಕೇಳುತ್ತಾನೆ. ಸಹಿ ದೊರೆತರೆ ಮಕ್ಕಳು ಸಾಲಾಗಿ ಕುಳಿತು ಉತ್ತರ ಬರೆಯುತ್ತಾರೆ. ಅನ್ನವಿಕ್ಕುವವರು ಹೇಳಿದುದನ್ನು ಆ ಮಕ್ಕಳು ಮೀರುವರೆ? ಇಂತಹ ಸ್ಥಳದ ಅಧಿಕಾರಿಯು ಸಹಿ ಹಾಕುವ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ‘ಈ ಮಗುವು ನನ್ನ ಹೊಟ್ಟೆಯಲ್ಲಿ ಹುಟ್ಟಿದುದಾಗಿದ್ದರೆ ಒಪ್ಪುತ್ತಿದ್ದೆನೆ?’ 2017ರ ಮಾರ್ಗಸೂಚಿಗಳಂತೆ ಪೋಷಕರ ಸಮ್ಮತಿಯೊಂದೇ ಸಾಲದು. ಏಳರಿಂದ ಹನ್ನೆರಡು ವರ್ಷದ ಮಗುವಿಗೆ ಬಾಯಿಮಾತಿನಲ್ಲಿ ತಿಳಿಸಿ ಅದರ ಒಪ್ಪಿಗೆಯನ್ನು ಪಡೆಯಬೇಕು, ಹನ್ನೆರಡರಿಂದ ಹದಿನೆಂಟರವರಿಂದ ಸರಳವಾದ ಬರಹದಲ್ಲಿ ಪಡೆಯಬೇಕು. ಮಗುವು ತಲೆಯಲ್ಲಾಡಿಸಿ ಬೇಡವೆಂದರೆ ಆ ‘ಬೇಡ’ವನ್ನು ಹಿರಿಯರ ಸಹಿಯಿಂದ ಅಳಿಸಕೂಡದು.

ಇನ್ನು ಬಾಯಿಬಿಟ್ಟು ‘ಬೇಡ’ವೆನ್ನಲೂ ಅರಿಯದವರ ವಿಷಯ. ಇದು ಪಂಜದಿಂದ ಬಹುದೂರದ ಮಾತಲ್ಲ. ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಕೇರಳದ ತೋಟಗಾರಿಕಾ ನಿಗಮವು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿತು. ದಕ್ಷಿಣ ಕನ್ನಡದ ಗೇರುತೋಟಗಳಲ್ಲಿಯೂ ಅದು ಬಳಕೆಯಾಯಿತು. ಗಡಿಯಾಚೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಈಚೆಗೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಮೊದಲಾದ ಗ್ರಾಮಗಳಲ್ಲಿ ಬುದ್ಧಿ ಬೆಳೆಯದ, ಅಂಗವು ಸ್ವಾಧೀನವಿಲ್ಲದ ಮಕ್ಕಳ ಸಂಕಟವು ದೇಶದ ಗಮನವನ್ನು ಸೆಳೆಯಿತು. ಕೊಕ್ಕಡದಲ್ಲಿಯೂ ಇಂದಿನ ಕಡಬ ತಾಲೂಕಿನ ಕೊಯಿಲದಲ್ಲಿಯೂ ಅಂಥವರಿಗಾಗಿ ಪಾಲನಾಕೇಂದ್ರಗಳು ಸ್ಥಾಪಿತವಾದವು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯಲ್ಲಿ ಅಧ್ಯಯನವನ್ನು ನಡೆಸಿತು. ಶರೀರದ ಪರೀಕ್ಷೆಯೊಡನೆ ಮಕ್ಕಳ ಕಲಿಕೆ, ಬುದ್ಧಿಬೆಳವಣಿಗೆಗಳ ಪರಿಶೀಲನೆಯೂ ಅದರಲ್ಲಿ ಸೇರಿತ್ತು. ಹೋಲಿಕೆಗಾಗಿ ಮೀಂಜ ಪಂಚಾಯತಿನ ಮಕ್ಕಳನ್ನೂ ಪರೀಕ್ಷಿಸಲಾಯಿತು. ಪಡ್ರೆಯ ಮಕ್ಕಳಲ್ಲಿ ನರ ಮತ್ತು ನಡವಳಿಕೆಗೆ ಸಂಬಂಧಿಸಿದ ತೊಂದರೆಗಳು ಹೆಚ್ಚೆಂದು ವರದಿಯು ತಿಳಿಸಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಆ ವಿಷವನ್ನು ನಿಷೇಧಿಸಿತು.

ಈ ನಿದರ್ಶನವು ಪ್ರಶ್ನೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಸಮ್ಮತಿಯನ್ನು ಕೊಡಲಾರದವರನ್ನು ಪರೀಕ್ಷಿಸಲೇಬಾರದೆಂದು ಹಟಹಿಡಿದರೆ, ಅವರ ಸಂಕಟವು ಎಂದಿಗೂ ಸಾಕ್ಷ್ಯವಾಗದು. ಅವರಿಗೆ ಕೇಡುಮಾಡಿದವರೇ ಅದರಿಂದ ಲಾಭಪಡೆಯುವರು. ಅಧ್ಯಯನವನ್ನು ಮಾಡದಿರುವುದೂ ಒಂದು ಅನ್ಯಾಯವಾಗಬಲ್ಲದು. ಆದುದರಿಂದ ಇಲ್ಲಿ ಧರ್ಮಸೂಕ್ಷ್ಮವು ಬೇಕು. ಬೇರೆಯವರಿಂದ ತಿಳಿಯಬಹುದಾದುದನ್ನು ಇವರಿಂದ ತಿಳಿಯಲು ಹೋಗಬಾರದು. ಇವರ ಹಿತಕ್ಕೆ ಸಂಬಂಧಿಸಿದುದನ್ನು ಮಾತ್ರ ಇವರಲ್ಲಿ ಕೇಳಬೇಕು. ತಾಯಿಯ ಸಮ್ಮತಿಯಿದ್ದರೂ, ಮಗುವು ಅತ್ತು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 99ನೆಯ ಪ್ರಕರಣವು ಈ ಭಾವವನ್ನೇ ಶಾಸನವಾಗಿಸಿದೆ: ಮಾನಸಿಕ ಅಸ್ವಸ್ಥತೆಯುಳ್ಳವರೊಡನೆ ಸಂದರ್ಶನ ಮಾತ್ರವೇ ಆದರೂ ಸ್ವತಂತ್ರವಾದ, ತಿಳಿದುಕೊಟ್ಟ ಸಮ್ಮತಿಯು ಬೇಕು; ಕೊಡಲಾರದವನು ವಿರೋಧಿಸದಿದ್ದಲ್ಲಿ ಮಾತ್ರ, ರಾಜ್ಯ ಪ್ರಾಧಿಕಾರದ ಅನುಮತಿಯನ್ನು ಪಡೆದು ಮುಂದುವರಿಯಬೇಕು; ಕೊಟ್ಟ ಸಮ್ಮತಿಯನ್ನು ಯಾವಾಗ ಬೇಕಾದರೂ ಹಿಂದೆಗೆಯಬಹುದು.

ಹೀಗೆ ಪಡೆದ ವೃತ್ತಾಂತವು ಸಂಶೋಧಕನ ಸ್ವತ್ತೆ? ಅಲ್ಲ. ಅದು ನಿಕ್ಷೇಪ. ಒಬ್ಬನು ನಂಬಿಕೆಯಿಂದ ಇನ್ನೊಬ್ಬನಲ್ಲಿ ಇಟ್ಟ ಒಡವೆಗೆ ನಿಕ್ಷೇಪವೆಂದು ಹೆಸರು. ಅದನ್ನು ಕಾಯುವ ನಿಯಮಗಳಿಗೆ ಧರ್ಮಶಾಸ್ತ್ರಗಳಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ಪ್ರತ್ಯೇಕ ಸ್ಥಾನವುಂಟು. ಇಟ್ಟವನ ಅಪ್ಪಣೆಯಿಲ್ಲದೆ ಅದನ್ನು ತಾನು ಭೋಗಿಸಕೂಡದು, ಮಾರಕೂಡದು, ಪರರಿಗೆ ತೋರಿಸಕೂಡದು. ನಗರದಲ್ಲಿ ಹೆಸರನ್ನು ಅಳಿಸಿದರೆ ಗುಟ್ಟು ಉಳಿದೀತು. ಆದರೆ ಪಂಜದಂತಹ ಊರಿನಲ್ಲಿ ‘ನಲವತ್ತು ವರ್ಷದ, ಇಬ್ಬರು ಹೆಣ್ಣುಮಕ್ಕಳುಳ್ಳ, ಗಂಡನು ಆತ್ಮಹತ್ಯೆಗೆ ಯತ್ನಿಸಿದ ಹೆಂಗಸು’ ಎಂದು ಬರೆದರೆ ಹೆಸರನ್ನು ಬರೆಯಬೇಕಾದುದಿಲ್ಲ. ಬಸ್ಸು ನಿಲ್ದಾಣದಲ್ಲಿ ನಿಂತವರೆಲ್ಲರೂ ಬಲ್ಲರು. ಊರಿನ ಹೆಸರೇ ರೋಗದ ಹೆಸರಾಗಿ ಪರಿಣಮಿಸಿದರೆ, ಆ ಊರಿನ ಹೆಣ್ಣಿಗೆ ವರನು ದೊರೆಯುವುದೂ ಕಷ್ಟವಾದೀತು. ಸಣ್ಣ ಊರಿನ ಗುಟ್ಟನ್ನು ಕಾಯುವ ಹೊಣೆಯು ದೊಡ್ಡ ನಗರದ ಹೊಣೆಗಿಂತ ಭಾರವಾದುದು.

ಕೊನೆಯದು ಋಣದ ಮಾತು. ಪಡ್ರೆಯ ಮಕ್ಕಳ ವಿಷಯದಲ್ಲಿ ಅಧ್ಯಯನವು ಪರಿಹಾರಕ್ಕೆ ದಾರಿಯಾದೀತೆಂಬ ಆಸೆಯಾದರೂ ಇತ್ತು. ಮೀಂಜದ ಮಕ್ಕಳಿಗೆ? ನೆರೆಯೂರಿನ ನೋವು ನೋವೆಂದು ಸಿದ್ಧವಾಗುವುದಕ್ಕೋಸ್ಕರ ಅವರು ತಮ್ಮ ಆರೋಗ್ಯವನ್ನು ಅಳತೆಗೋಲಾಗಿ ಕೊಟ್ಟರು. ಅವರಿಗೆ ಪರಿಹಾರವಿಲ್ಲ, ಪ್ರಶಸ್ತಿಯಿಲ್ಲ. ಹೋಲಿಕೆಯ ಗುಂಪೆಂದು ಶಾಸ್ತ್ರಜ್ಞರು ಕರೆಯುವ ಇಂಥವರ ದಾನವು ಅತ್ಯಂತ ನಿಷ್ಕಾಮವಾದ ದಾನ. ಇವರೆಲ್ಲರ ಋಣವನ್ನು ಸಂಶೋಧಕನು ಹೇಗೆ ತೀರಿಸಬೇಕು? ಕಂಡುದನ್ನು ಮೊದಲು ಕೊಟ್ಟವರಿಗೆ, ಅವರ ಮಾತಿನಲ್ಲಿ ತಿಳಿಸಬೇಕು. ಪ್ರಶ್ನೆ ಕೇಳಿದುದರಿಂದ ಹಳೆಯ ಗಾಯವು ಕೆದರಿದ್ದರೆ ಮದ್ದಿನ ದಾರಿಯನ್ನು ತೋರಿಸದೆ ಎದ್ದುಹೋಗಬಾರದು. ದೂರದ ದೇಶದ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ, ಅಡಿಕೆ ಸುಲಿಯುವ ತಾಯಿಗೆ ಒಂದು ಮಾತೂ ತಲಪದಿದ್ದರೆ ಋಣವು ಬೆಳೆಯಿತೇ ಹೊರತು ತೀರಲಿಲ್ಲ.

ತೀರಿಸಿದ ದೃಷ್ಟಾಂತಗಳೂ ಕನ್ನಡನಾಡಿನಲ್ಲಿವೆ. ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಬಳಿಯ ಸಕಲವಾರದಲ್ಲಿ 1970ರ ದಶಕದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಶಿಕ್ಷಣವಿತ್ತು ಮಾನಸಿಕ ರೋಗಗಳನ್ನು ಹಳ್ಳಿಯಲ್ಲಿಯೇ ಗುರುತಿಸಬಹುದೆಂಬುದನ್ನು ಪರೀಕ್ಷಿಸಿ ನೋಡಿತು. ಅಲ್ಲಿ ಕಲಿತುದನ್ನು 1980ರ ದಶಕದ ನಡುವಿನಿಂದ ಬಳ್ಳಾರಿ ಜಿಲ್ಲೆಯಲ್ಲಿ ವಿಸ್ತರಿಸ­ಲಾಯಿತು. ಅಲ್ಲಿ ಅಧ್ಯಯನವೂ ಚಿಕಿತ್ಸೆಯೂ ಬೇರೆಬೇರೆಯಾಗಿರಲಿಲ್ಲ. ಪ್ರಶ್ನೆಯನ್ನು ಕೇಳಿದ ಕೈಯೇ ಔಷಧವನ್ನೂ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಬಳ್ಳಾರಿಯ ಹಳ್ಳಿಗರು ಕೊಟ್ಟುದು ಬೆಂಗಳೂರಿನ ಕಪಾಟಿನಲ್ಲಿ ಉಳಿಯದೆ ದೇಶದ ಬೇರೆಬೇರೆ ಜಿಲ್ಲೆಗಳ ಆಸ್ಪತ್ರೆಗಳಿಗೆ ತಲಪಿತು.

ನಿಯಮಗಳಿಗೆ ಕೊರತೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 1953ರಲ್ಲಿಯೇ ನೀತಿಸಂಹಿತೆಯನ್ನು ರಚಿಸಿತ್ತು. ಎಂಟು ವರ್ಷಗಳ ಮೇಲೆ ಯೇಲಿನ ಪ್ರಯೋಗವು ನಡೆದೇ ನಡೆಯಿತು. ಭಾರತದಲ್ಲಿ 1980ರ ಹೇಳಿಕೆಯನ್ನು 2000, 2006, 2017ರ ಮಾರ್ಗಸೂಚಿಗಳು ಅನುಸರಿಸಿ ಬಂದವು. ಸಮಿತಿಯು ಕಾಗದವನ್ನು ನೋಡಬಲ್ಲದು. ಮನೆಯ ಜಗಲಿಯಲ್ಲಿ ನಡೆಯುವ ಮಾತನ್ನು ನೋಡಲಾರದು. ಅಲ್ಲಿರುವವರು ಇಬ್ಬರೇ: ಕೇಳುವವನು ಮತ್ತು ಕೊಡುವವನು. ಕೇಳುವವನ ಮನಸ್ಸಾಕ್ಷಿಯೇ ಅಲ್ಲಿ ಮೂರನೆಯವನು. ಕೊಡುವವನು ‘ಇಲ್ಲ’ವೆಂದಾಗ ಮುಖವು ಬಾಡದೆ, ಕೈಮುಗಿದು ಎದ್ದುಬರಬಲ್ಲ ಸಂಶೋಧಕನು ಯಾವನೋ, ಅವನಿಗೆ ‘ಹೌದು’ ಎಂಬ ಮಾತನ್ನು ಕೇಳುವ ಅಧಿಕಾರವುಂಟು. ಅಂಥವನ ಕೈಯಲ್ಲಿ ಮನಶ್ಶಾಸ್ತ್ರವು ಬೆಳೆಯಲಿ. ಅದರ ಬೆಳಕು ಮೊದಲು ಎಣ್ಣೆಯೆರೆದವರ ಮನೆಯಲ್ಲಿ ಬೆಳಗಲಿ.